ಪ್ರಯಾಣಕ್ಕೆ ತಡೆ ಬಿದ್ದಾಗ ಹೋಟೆಲಿಗೆ ಕಟ್ಟಿದ ಹಣ ಮರಳಿ ಪಡೆಯುವುದು ಹೇಗೆ?

ಗಡಿ ಮುಚ್ಚಲಾಗಿದೆ ಎಂದು ಒಂದು ದೇಶ ರಾತ್ರೋರಾತ್ರಿ ಪ್ರಕಟಿಸಿದರೆ, ಬೆಳಗಾಗುವಷ್ಟರಲ್ಲಿ ಸಾವಿರಾರು ಮಂದಿ ಹಳೆಯ ಬುಕಿಂಗ್ ಸಂದೇಶಗಳನ್ನು ಹುಡುಕತೊಡಗುತ್ತಾರೆ. ವಿಮಾನ ರದ್ದಾದರೆ ಟಿಕೆಟ್ ಹಣದ ಬಗ್ಗೆ ಹಲವೆಡೆ ಸ್ಪಷ್ಟ ನಿಯಮವಿದೆ. ಯುರೋಪ್ ಒಕ್ಕೂಟದಲ್ಲಂತೂ ಏಳು ದಿನಗಳೊಳಗೆ ಅದನ್ನು ಮರಳಿಸಬೇಕು. ಹೋಟೆಲ್ ಕೊಠಡಿಗೆ ಅಂಥ ಸರಳ ನಿಯಮ ಇಲ್ಲ. 2010ರ ಏಪ್ರಿಲ್‌ನಲ್ಲಿ ಐಸ್‌ಲ್ಯಾಂಡಿನ ಜ್ವಾಲಾಮುಖಿಯ ಬೂದಿಯಿಂದಾಗಿ ಯುರೋಪಿನಲ್ಲಿ ಸುಮಾರು 1 ಲಕ್ಷ ವಿಮಾನಯಾನಗಳು ರದ್ದಾದಾಗ ಈ ವ್ಯತ್ಯಾಸ ಪ್ರಯಾಣಿಕರ ಅನುಭವಕ್ಕೆ ಬಂದಿತ್ತು. 2020ರ ಮಾರ್ಚ್‌ನಲ್ಲಿ ಕೋವಿಡ್ ನಿರ್ಬಂಧಗಳು ಬಂದಾಗ ಅದು ಜಗತ್ತಿನ ಎಲ್ಲ ಮೂಲೆಗಳಿಗೂ ತಲುಪಿತು.

ಹೋಟೆಲಿನವರು ಒಳ್ಳೆಯವರಾಗಿದ್ದರೆ ಹಣ ಬರುತ್ತದೆ, ಇಲ್ಲದಿದ್ದರೆ ಇಲ್ಲ ಎಂದು ಬಹಳ ಜನ ಕೈಚೆಲ್ಲುತ್ತಾರೆ. ಹಾಗೆ ಕೈಚೆಲ್ಲಬೇಕಾಗಿಲ್ಲ. ಸರ್ಕಾರದ ಆದೇಶ ನಿಜವಾಗಿ ಮುಚ್ಚಿದ್ದು ಯಾರ ಬಾಗಿಲನ್ನು ಎಂಬ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ನಿಮ್ಮ ಹಕ್ಕು ಎಷ್ಟು ಗಟ್ಟಿ ಎಂಬುದು ಹೆಚ್ಚುಕಡಿಮೆ ತಿಳಿದುಬಿಡುತ್ತದೆ.

ಬುಕಿಂಗ್ ಎಂದರೆ ಒಂದು ಒಪ್ಪಂದ

ಕೊಠಡಿ ಕಾದಿರಿಸಿದಾಗ ಇಬ್ಬರೂ ಮಾತು ಕೊಟ್ಟಿರುತ್ತಾರೆ. ಇಂಥ ದಿನ, ಇಷ್ಟು ರಾತ್ರಿ, ವಾಸಕ್ಕೆ ಯೋಗ್ಯವಾದ ಕೊಠಡಿ ಕೊಡುತ್ತೇನೆ ಎಂದು ಹೋಟೆಲು. ಇಷ್ಟು ಹಣ ಕೊಡುತ್ತೇನೆ ಎಂದು ನೀವು. ಈ ಒಪ್ಪಂದದ ಜೊತೆಗೆ ರದ್ದತಿಯ ಷರತ್ತು ಅಂಟಿಕೊಂಡಿರುತ್ತದೆ. ‘ಉಚಿತ ರದ್ದತಿ’ ಎಂದಿದ್ದರೆ ನಿಗದಿತ ದಿನ ಮತ್ತು ಗಂಟೆಯವರೆಗೆ ಯಾವ ಕಾರಣವನ್ನೂ ಹೇಳದೆ ಹಿಂದೆ ಸರಿಯಬಹುದು. ಆ ಗಂಟೆ ಸಾಮಾನ್ಯವಾಗಿ ಹೋಟೆಲ್ ಇರುವ ಊರಿನ ಸಮಯದ ಪ್ರಕಾರ ಎಂಬುದನ್ನು ಗಮನಿಸಬೇಕು. ದೂರದ ದೇಶವಾದರೆ ಅರ್ಧ ದಿನದ ವ್ಯತ್ಯಾಸವೇ ಬೀಳಬಹುದು. ‘ನಾನ್-ರೀಫಂಡೆಬಲ್’ ಎಂದಿದ್ದರೆ ದರ ಕಡಿಮೆ ಇರುತ್ತದೆ, ಅದಕ್ಕೆ ಬದಲಾಗಿ ಮನಸ್ಸು ಬದಲಿಸುವ ಸ್ವಾತಂತ್ರ್ಯವನ್ನು ನೀವು ಬಿಟ್ಟುಕೊಟ್ಟಿರುತ್ತೀರಿ.

ಬಿಟ್ಟುಕೊಟ್ಟದ್ದು ಅಷ್ಟನ್ನೇ. ಕೊಠಡಿ ಕೊಡಲು ಹೋಟೆಲಿಗೇ ಸಾಧ್ಯವಾಗದಿದ್ದರೂ ಹಣ ಅದರದೇ ಎಂಬ ಅರ್ಥ ಆ ಪದಕ್ಕಿಲ್ಲ. ‘ನಾನ್-ರೀಫಂಡೆಬಲ್ ಅಲ್ಲವೇ, ಇನ್ನೇನು ಕೇಳುವುದು’ ಎಂದು ಸುಮ್ಮನಾಗುವವರು ಬಹಳ. ನ್ಯಾಯವಾಗಿ ಬರಬೇಕಾದ ಹಣ ಅಲ್ಲಿಯೇ ಕೈತಪ್ಪಿಹೋಗುತ್ತದೆ.

ಹೋಟೆಲಿನ ಕಷ್ಟವೂ ಸುಳ್ಳಲ್ಲ. ಇವತ್ತು ರಾತ್ರಿ ಖಾಲಿ ಉಳಿದ ಕೊಠಡಿಯನ್ನು ನಾಳೆ ಮಾರಲಾಗದು. ಸಂಬಳ, ಸಾಲದ ಕಂತುಗಳು ನಿಲ್ಲುವುದಿಲ್ಲ. ಆನ್‌ಲೈನ್ ಖರೀದಿಗೆ 14 ದಿನಗಳ ಹಿಂಪಡೆಯುವ ಹಕ್ಕು ಕೊಡುವ ಯುರೋಪ್ ಒಕ್ಕೂಟದ 2011ರ ಗ್ರಾಹಕ ಹಕ್ಕುಗಳ ನಿರ್ದೇಶನ ಕೂಡ ನಿರ್ದಿಷ್ಟ ದಿನಾಂಕದ ವಸತಿ ಬುಕಿಂಗ್ ಅನ್ನು ಆ ಹಕ್ಕಿನಿಂದ ಹೊರಗಿಟ್ಟಿದೆ.

ಮುಚ್ಚಿದ್ದು ಯಾರ ಬಾಗಿಲು?

ನಾಟಕದ ಟಿಕೆಟ್ ಕೊಂಡಿದ್ದೀರಿ ಎಂದುಕೊಳ್ಳಿ. ಆಡಳಿತ ರಂಗಮಂದಿರಕ್ಕೇ ಬೀಗ ಹಾಕಿಸಿದರೆ ನಾಟಕ ನಡೆಯುವುದಿಲ್ಲ. ಹಣ ವಾಪಸು ಕೊಡಬೇಕೆನ್ನುವುದರಲ್ಲಿ ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ನಾಟಕ ನಡೆಯುತ್ತಿದೆ, ನಿಮ್ಮ ಮನೆಯ ಬಳಿಯ ಸೇತುವೆ ಮಾತ್ರ ಬಂದ್ ಆಗಿದೆ ಎಂದರೆ? ನಿಮ್ಮ ಆಸನ ಅಲ್ಲಿ ಖಾಲಿಯಾಗಿ ಕಾಯುತ್ತಿರುತ್ತದೆ. ಹೋಟೆಲಿನ ವ್ಯಾಜ್ಯಗಳೆಲ್ಲ ಈ ಎರಡು ತುದಿಗಳ ನಡುವೆ ಎಲ್ಲೋ ನಿಲ್ಲುತ್ತವೆ.

ಹೋಟೆಲ್ ಮುಚ್ಚಬೇಕು, ಅಥವಾ ಪ್ರವಾಸಿಗರನ್ನು ಉಳಿಸಿಕೊಳ್ಳಬಾರದು ಎಂದು ಆದೇಶವಾದರೆ ನಿಮ್ಮ ಪಕ್ಷ ಅತ್ಯಂತ ಬಲವಾಗಿರುತ್ತದೆ. ಜರ್ಮನಿಯ ಲ್ಯೂನೆಬರ್ಗ್ ಪಟ್ಟಣದ ಒಂದು ಹೋಟೆಲಿನಲ್ಲಿ 2020ರ ಮೇ ತಿಂಗಳಿಗೆಂದು ನಾನ್-ರೀಫಂಡೆಬಲ್ ದರದಲ್ಲಿ ಕೊಠಡಿಗಳನ್ನು ಕಾದಿರಿಸಲಾಗಿತ್ತು. ಅಷ್ಟರಲ್ಲಿ ಪ್ರವಾಸಿಗರ ವಾಸ್ತವ್ಯಕ್ಕೆ ನಿಷೇಧ ಬಂತು. ಪ್ರಕರಣ ದೇಶದ ಅತ್ಯುನ್ನತ ಸಿವಿಲ್ ನ್ಯಾಯಾಲಯದವರೆಗೆ ಹೋಯಿತು. 2024ರ ಮಾರ್ಚ್‌ನಲ್ಲಿ ಬಂದ ತೀರ್ಪು ಗ್ರಾಹಕರ ಪರವಾಗಿತ್ತು: ನಿಷೇಧದಿಂದಾಗಿ ಹೋಟೆಲ್ ತನ್ನ ಸೇವೆ ಕೊಡುವುದೇ ಕಾನೂನಿನ ದೃಷ್ಟಿಯಲ್ಲಿ ಅಸಾಧ್ಯವಾಗಿತ್ತು, ಹಾಗಾಗಿ ನಾನ್-ರೀಫಂಡೆಬಲ್ ದರವಾದರೂ ಹಣ ಮರಳಿಸಬೇಕು. ಬ್ರಿಟನ್ನಿನ ಸ್ಪರ್ಧಾ ಮತ್ತು ಮಾರುಕಟ್ಟೆ ಪ್ರಾಧಿಕಾರವೂ 2020ರ ಏಪ್ರಿಲ್ 30ರಂದು ಹೊರಡಿಸಿದ ಹೇಳಿಕೆಯಲ್ಲಿ, ಸಂಸ್ಥೆ ಸೇವೆ ಕೊಡದಿದ್ದಾಗ ಮಾತ್ರವಲ್ಲ, ಲಾಕ್‌ಡೌನ್ ಕಾನೂನಿನಿಂದಾಗಿ ಗ್ರಾಹಕರು ಸೇವೆ ಪಡೆಯಲಾಗದಿದ್ದಾಗಲೂ ಪೂರ್ಣ ಹಣ ಮರಳಿಸುವುದನ್ನು ತಾನು ನಿರೀಕ್ಷಿಸುವುದಾಗಿ ಹೇಳಿತು.

ಹೋಟೆಲ್ ತೆರೆದೇ ಇದ್ದು, ನೀವು ಅಲ್ಲಿಗೆ ತಲುಪಲಾಗದ ಸ್ಥಿತಿ ಹೆಚ್ಚು ಜಟಿಲ. ವೀಸಾ ಸ್ಥಗಿತವಾಗಿದೆ, ನಿಮ್ಮ ದೇಶದವರಿಗೆ ಮಾತ್ರ ಪ್ರವೇಶವಿಲ್ಲ, ವಿಮಾನಗಳಿಲ್ಲ. ‘ಕೊಠಡಿ ಸಿದ್ಧವಿದೆ, ಬನ್ನಿ’ ಎಂದು ಹೋಟೆಲ್ ಹೇಳಬಲ್ಲದು. ಇಲ್ಲಿ ಒಪ್ಪಂದದ ಷರತ್ತು, ಆ ದೇಶದ ಕಾನೂನು, ಮತ್ತು ನಿಮ್ಮ ಮಾತುಕತೆಯ ಜಾಣ್ಮೆ ಮೂರೂ ಲೆಕ್ಕಕ್ಕೆ ಬರುತ್ತವೆ.

ಹೋಗಲು ಅಡ್ಡಿಯಿಲ್ಲ, ಆದರೆ ಭಯವಾಗುತ್ತಿದೆ, ಅಥವಾ ಮರಳಿದ ಮೇಲೆ ಕ್ವಾರಂಟೈನ್‌ನಲ್ಲಿ ಇರಬೇಕಾಗುತ್ತದೆ ಎಂಬ ಸ್ಥಿತಿಯಲ್ಲಿ ಹಕ್ಕು ಎಲ್ಲಕ್ಕಿಂತ ದುರ್ಬಲ. ‘ಅನಗತ್ಯ ಪ್ರಯಾಣ ಬೇಡ’ ಎಂಬ ಸರ್ಕಾರದ ಸಲಹೆ ಆದೇಶವಲ್ಲ. ಮನೆ, ಕೊಠಡಿಗಳನ್ನು ಬಾಡಿಗೆಗೆ ಕೊಡಿಸುವ ತಾಣವಾದ ಏರ್‌ಬಿಎನ್‌ಬಿಯ ಈಗಿನ ನೀತಿ, ಪ್ರಯಾಣವನ್ನು ತಡೆಯುವ ಸರ್ಕಾರಿ ನಿರ್ಬಂಧಗಳನ್ನು ಒಳಗೊಂಡಿದ್ದರೂ ಪಾಲಿಸಲೇಬೇಕೆಂದಿಲ್ಲದ ಸಲಹೆಗಳನ್ನು ಒಳಗೊಂಡಿಲ್ಲ.

ನೂರಿಪ್ಪತ್ತು ವರ್ಷ ಹಳೆಯ ಒಂದು ಬಾಡಿಗೆ ಜಗಳ

ನಡುವಿನ ಸ್ಥಿತಿಯಲ್ಲಿ ನ್ಯಾಯಾಲಯಗಳು ಹೇಗೆ ಯೋಚಿಸುತ್ತವೆ ಎಂಬುದನ್ನು ತಿಳಿಯಲು ಲಂಡನ್ನಿನ ಒಂದು ಪ್ರಕರಣ ಈಗಲೂ ನೆರವಿಗೆ ಬರುತ್ತದೆ. 1902ರ ಜೂನ್‌ನಲ್ಲಿ ಏಳನೇ ಎಡ್ವರ್ಡ್ ದೊರೆಯ ಪಟ್ಟಾಭಿಷೇಕದ ಮೆರವಣಿಗೆ ನೋಡಲೆಂದು ಒಬ್ಬರು ಪಾಲ್ ಮಾಲ್ ರಸ್ತೆಯ ಮನೆಯೊಂದರ ಕೊಠಡಿಗಳನ್ನು ಎರಡು ದಿನಗಳ ಹಗಲಿಗೆ 75 ಪೌಂಡ್‌ಗೆ ಬಾಡಿಗೆ ಹಿಡಿದರು. 25 ಪೌಂಡ್ ಮುಂಗಡ ಕೊಟ್ಟರು. ದೊರೆಗೆ ಕಾಯಿಲೆಯಾಗಿ ಮೆರವಣಿಗೆ ಮುಂದಕ್ಕೆ ಹೋಯಿತು. ಕೊಠಡಿಗಳಿಗೇನೂ ಆಗಿರಲಿಲ್ಲ, ಬಾಗಿಲು ತೆರೆದೇ ಇತ್ತು. ಆದರೂ ಉಳಿದ 50 ಪೌಂಡ್ ಕೊಡಬೇಕಾಗಿಲ್ಲ ಎಂದು ಮೇಲ್ಮನವಿ ನ್ಯಾಯಾಲಯ 1903ರಲ್ಲಿ ತೀರ್ಪು ನೀಡಿತು. ಇಬ್ಬರಿಗೂ ಗೊತ್ತಿದ್ದ ಉದ್ದೇಶವೇ ಇಲ್ಲವಾದ ಮೇಲೆ ಒಪ್ಪಂದ ನಿಲ್ಲುವುದಿಲ್ಲ ಎಂಬುದು ತರ್ಕ. ‘ಕ್ರೆಲ್ ವಿರುದ್ಧ ಹೆನ್ರಿ’ ಎಂಬ ಹೆಸರಿನ ಈ ಪ್ರಕರಣವನ್ನು ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ.

ಅದೇ ವರ್ಷ ಅದೇ ನ್ಯಾಯಾಲಯ ಇನ್ನೊಂದು ಪ್ರಕರಣದಲ್ಲಿ ಬೇರೆಯದನ್ನೇ ಹೇಳಿತು. ದೊರೆಯ ನೌಕಾಪಡೆ ವೀಕ್ಷಣೆಯನ್ನು ನೋಡಲು ಮತ್ತು ಹಡಗುಗಳ ಸುತ್ತ ವಿಹರಿಸಲು ದೋಣಿ ಬಾಡಿಗೆ ಪಡೆದವರು, ವೀಕ್ಷಣೆ ರದ್ದಾದರೂ ಹಣ ಕೊಡಬೇಕಾಯಿತು. ಹಡಗುಗಳು ಅಲ್ಲೇ ನಿಂತಿದ್ದವು, ಸುತ್ತು ಹಾಕುವುದಕ್ಕೆ ಅಡ್ಡಿಯಿರಲಿಲ್ಲ. ಉದ್ದೇಶ ಪೂರ್ತಿಯಾಗಿ ಕುಸಿಯಿತೇ, ಅರ್ಧ ಉಳಿಯಿತೇ ಎಂಬುದರ ಮೇಲೆ ಫಲಿತಾಂಶ ತಿರುಗಿತು. ಊರಿನ ಉತ್ಸವ ರದ್ದಾಯಿತು, ಆದರೆ ಊರು ತೆರೆದಿದೆ ಎಂಬಂಥ ಸಂದರ್ಭದಲ್ಲಿ ಹೋಟೆಲಿನವರು ಹಿಡಿಯುವುದು ಈ ಎರಡನೆಯ ವಾದವನ್ನೇ.

ಮೊದಲ ಪ್ರಕರಣದಲ್ಲಿ ಇನ್ನೊಂದು ಸಂಗತಿಯಿದೆ. ಮೇಲ್ಮನವಿಯ ಹೊತ್ತಿಗೆ 25 ಪೌಂಡ್ ಮುಂಗಡದ ಬೇಡಿಕೆಯನ್ನು ಬಾಡಿಗೆದಾರರು ಬಿಟ್ಟುಬಿಟ್ಟಿದ್ದರು. ಆ ಕಾಲದ ಕಾನೂನಿನಲ್ಲಿ ಹಣ ಯಾರ ಕೈಯಲ್ಲಿತ್ತೋ ಅಲ್ಲೇ ಉಳಿಯುತ್ತಿತ್ತು. 1943ರಲ್ಲಿ ಬ್ರಿಟನ್ ಹೊಸ ಕಾಯ್ದೆ ತಂದು, ಒಪ್ಪಂದ ಹೀಗೆ ಅಸಾಧ್ಯವಾದಾಗ ಮುಂಗಡವನ್ನು ಮರಳಿ ಪಡೆಯಬಹುದು, ಎದುರು ಪಕ್ಷ ಅದಾಗಲೇ ಮಾಡಿದ ಖರ್ಚನ್ನು ಮುರಿದುಕೊಳ್ಳಲು ನ್ಯಾಯಾಲಯ ಅವಕಾಶ ಕೊಡಬಹುದು ಎಂದು ಮಾಡಿತು. ಭಾರತದ 1872ರ ಒಪ್ಪಂದ ಕಾಯ್ದೆಯ 56 ಮತ್ತು 65ನೇ ಕಲಂಗಳಲ್ಲೂ ಇದೇ ಜಾಡಿನ ತತ್ವವಿದೆ: ನೆರವೇರಿಸಲು ಅಸಾಧ್ಯವಾದ ಒಪ್ಪಂದ ಶೂನ್ಯವಾಗುತ್ತದೆ, ಅದರಡಿ ಲಾಭ ಪಡೆದವರು ಅದನ್ನು ಮರಳಿಸಬೇಕು.

ಬುಕಿಂಗ್ ಷರತ್ತುಗಳಲ್ಲಿ ಬರುವ ‘ಫೋರ್ಸ್ ಮಜೂರ್’ ಎಂಬ ಸಾಲನ್ನು ನೋಡಿ ಅನೇಕರು ಸಮಾಧಾನಪಡುತ್ತಾರೆ. ಯುದ್ಧ, ಸಾಂಕ್ರಾಮಿಕ, ಪ್ರಕೃತಿ ವಿಕೋಪದಂಥ ಕೈಮೀರಿದ ಘಟನೆಗಳ ಬಗ್ಗೆ ಅದು ಹೇಳುತ್ತದೆ ನಿಜ. ಬಹಳ ಸಲ ಅದು ಹೇಳುವುದು ‘ಇಂಥ ಘಟನೆಗಳಲ್ಲಿ ನಾವು ಪರಿಹಾರ ಕೊಡಬೇಕಾಗಿಲ್ಲ’ ಎಂದಷ್ಟೇ. ಪರಿಹಾರ ಬೇರೆ, ಕಟ್ಟಿದ ಹಣ ಮರಳಿಸುವುದು ಬೇರೆ. ಆ ಷರತ್ತು ಹಣದ ಬಗ್ಗೆ ಏನು ಹೇಳುತ್ತದೆ ಎಂಬುದನ್ನು ಪ್ರತ್ಯೇಕವಾಗಿ ಓದಬೇಕು.

ಹಣ ಈಗ ಯಾರ ಬಳಿ ಇದೆ?

ಹಕ್ಕು ಇದ್ದರೂ ತಪ್ಪು ಬಾಗಿಲು ತಟ್ಟಿದರೆ ವಾರಗಳು ಕಳೆದುಹೋಗುತ್ತವೆ. ಹೋಟೆಲಿಗೆ ಕೇಳಿದರೆ ‘ಬುಕಿಂಗ್ ತಾಣಕ್ಕೆ ಕೇಳಿ’, ತಾಣಕ್ಕೆ ಕೇಳಿದರೆ ‘ಹೋಟೆಲ್ ಒಪ್ಪಬೇಕು’ ಎಂಬ ಉತ್ತರ ಬರುವುದು ಇದರಿಂದಲೇ. ಬುಕಿಂಗ್ ತಾಣಗಳು ಎರಡು ಬಗೆಯಲ್ಲಿ ಕೆಲಸ ಮಾಡುತ್ತವೆ. ಒಂದು ಬಗೆಯಲ್ಲಿ ತಾಣ ಬರೀ ಮಧ್ಯವರ್ತಿ. ಕಾರ್ಡಿನ ವಿವರ ಹೋಟೆಲಿಗೆ ಹೋಗುತ್ತದೆ, ಹಣ ಕಡಿತ ಮಾಡುವುದು ಹೋಟೆಲೇ. ಇನ್ನೊಂದರಲ್ಲಿ ತಾಣವೇ ಹಣ ಪಡೆದು ಆಮೇಲೆ ಹೋಟೆಲಿಗೆ ಸಲ್ಲಿಸುತ್ತದೆ. ಪತ್ತೆ ಹಚ್ಚುವುದು ಸುಲಭ: ಕಾರ್ಡ್ ಸ್ಟೇಟ್‌ಮೆಂಟಿನಲ್ಲಿ ಯಾರ ಹೆಸರಿದೆಯೋ ಹಣ ಮೊದಲು ಹೋಗಿರುವುದು ಅವರಿಗೇ. ಕೋರಿಕೆ ಅಲ್ಲಿಂದಲೇ ಶುರುವಾಗಲಿ, ಪ್ರತಿ ಇನ್ನೊಬ್ಬರಿಗೂ ಹೋಗಲಿ.

ಕೆಲವೊಮ್ಮೆ ಹಣ ಕಡಿತವೇ ಆಗಿರುವುದಿಲ್ಲ. ಕಾರ್ಡಿನ ಮೇಲೆ ಆ ಮೊತ್ತವನ್ನು ತಡೆಹಿಡಿದಿರುತ್ತಾರೆ, ಅಷ್ಟೇ. ಸ್ಟೇಟ್‌ಮೆಂಟಿನಲ್ಲಿ ಅದು ‘ಬಾಕಿ ಇರುವ’ ವಹಿವಾಟಿನಂತೆ ಕಾಣುತ್ತದೆ. ಆಗ ಕೇಳಬೇಕಾದದ್ದು ಮರುಪಾವತಿಯನ್ನಲ್ಲ, ತಡೆ ತೆರವನ್ನು.

ವಿಮಾನ ಮತ್ತು ವಸತಿ ಸೇರಿದ ಪ್ಯಾಕೇಜ್ ಕೊಂಡಿದ್ದರೆ ನಿಮ್ಮ ಸ್ಥಿತಿ ಹೆಚ್ಚು ಭದ್ರ. ಯುರೋಪ್ ಒಕ್ಕೂಟದ 2015ರ ಪ್ಯಾಕೇಜ್ ಪ್ರಯಾಣ ನಿರ್ದೇಶನದ ಪ್ರಕಾರ, ತಲುಪಬೇಕಾದ ಸ್ಥಳದಲ್ಲಿ ತಪ್ಪಿಸಲಾಗದ, ಅಸಾಧಾರಣ ಸಂದರ್ಭ ಎದುರಾಗಿ ಪ್ರವಾಸಕ್ಕೆ ಗಣನೀಯ ಅಡ್ಡಿಯಾದರೆ ಶುಲ್ಕವಿಲ್ಲದೆ ರದ್ದು ಮಾಡಬಹುದು. 14 ದಿನಗಳೊಳಗೆ ಪೂರ್ಣ ಹಣ ಮರಳಬೇಕು. ಕೊಠಡಿ ಮಾತ್ರ ಬುಕ್ ಮಾಡಿದವರಿಗೆ ಈ ರಕ್ಷಣೆ ಇಲ್ಲ.

ಅವಸರದಲ್ಲಿ ‘ರದ್ದು’ ಒತ್ತಬೇಡಿ

ಗಾಬರಿಯಲ್ಲಿ ಜನ ಮೊದಲು ಮಾಡುವ ಕೆಲಸ ಆ್ಯಪ್ ತೆರೆದು ರದ್ದು ಮಾಡುವುದು. ಉಚಿತ ರದ್ದತಿಯ ಅವಧಿ ಇನ್ನೂ ಇದ್ದರೆ ಅದು ಸರಿಯಾದ ಕೆಲಸ, ತಡ ಮಾಡಬಾರದು. ಅವಧಿ ಮುಗಿದಿದ್ದರೆ ಮಾತ್ರ ಕೈ ತಡೆಯಬೇಕು. ನೀವಾಗಿ ರದ್ದು ಮಾಡಿದ ಕ್ಷಣ ಅದು ‘ಗ್ರಾಹಕರ ಸ್ವಇಚ್ಛೆಯ ರದ್ದತಿ’ ಎಂದು ದಾಖಲಾಗಿ ದಂಡದ ಷರತ್ತು ತಾನಾಗಿ ಜಾರಿಯಾಗುತ್ತದೆ. ನಾಲ್ಕು ದಿನ ತಡೆದಿದ್ದರೆ ಹೋಟೆಲೇ ಮುಚ್ಚಿ, ಅದೇ ರದ್ದು ಮಾಡಬೇಕಾಗಿ ಬರುತ್ತಿತ್ತೇನೋ.

ಇದರ ಬೆಲೆ ಎಷ್ಟು ಎಂಬುದು ಯುರೋಪಿನ ಒಂದು ಪ್ರಕರಣದಲ್ಲಿ ಕಾಣುತ್ತದೆ. 2020ರ ಏಪ್ರಿಲ್‌ನಲ್ಲಿ ಜಪಾನಿಗೆ ಹೋಗಬೇಕಿದ್ದ ಒಬ್ಬ ಪ್ರವಾಸಿ ಮಾರ್ಚ್ 1ರಂದೇ ಪ್ಯಾಕೇಜ್ ರದ್ದು ಮಾಡಿದರು. ಜಪಾನ್ ಪ್ರವೇಶ ನಿರ್ಬಂಧ ಹೇರಿದ್ದು ಮಾರ್ಚ್ 26ರಂದು. ರದ್ದತಿ ಶುಲ್ಕದ ಜಗಳ ಯುರೋಪ್ ಒಕ್ಕೂಟದ ನ್ಯಾಯಾಲಯ ಮುಟ್ಟಿತು. ರದ್ದು ಮಾಡಿದ ದಿನ ಇದ್ದ ಪರಿಸ್ಥಿತಿ ಮತ್ತು ಆ ದಿನ ಊಹಿಸಬಹುದಾಗಿದ್ದ ಬೆಳವಣಿಗೆಯನ್ನು ಮಾತ್ರ ನೋಡಬೇಕು, ಆಮೇಲೆ ಬಂದ ಆದೇಶವನ್ನು ಹಿಂದಕ್ಕೆ ಅನ್ವಯಿಸಲಾಗದು ಎಂದು ಅದು 2024ರ ಫೆಬ್ರವರಿ 29ರಂದು ಹೇಳಿತು.

ಹಾಗೆಂದು ಏನೂ ಹೇಳದೆ ಸುಮ್ಮನಿರುವುದು ಇನ್ನೂ ಕೆಟ್ಟದ್ದು. ಹೇಳದೆ ಕೇಳದೆ ಹೋಗದಿದ್ದರೆ ಹೋಟೆಲ್ ‘ನೋ-ಶೋ’ ಎಂದು ಬರೆದುಕೊಳ್ಳುತ್ತದೆ. ಮೊದಲ ರಾತ್ರಿಯದ್ದೋ ಪೂರ್ತಿ ವಾಸ್ತವ್ಯದ್ದೋ ಹಣ ಹೋಗುತ್ತದೆ. ರದ್ದು ಮಾಡದೆ, ಆದರೆ ಪ್ರಯಾಣದ ದಿನಕ್ಕೆ ಮೊದಲೇ, ಬರವಣಿಗೆಯಲ್ಲಿ ತಿಳಿಸಬೇಕು. ಫೋನ್ ಮಾತು ಸಾಲದು, ಆಮೇಲೆ ಸಾಕ್ಷ್ಯವಿರುವುದಿಲ್ಲ. ಪತ್ರ ಹೀಗಿದ್ದರೆ ಸಾಕು:

‘ನಮ್ಮ ಬುಕಿಂಗ್ ಸಂಖ್ಯೆ ಇದು; ಇಂಥ ದಿನದಿಂದ ಇಂಥ ದಿನದವರೆಗೆ. ಇಂಥ ತಾರೀಖಿನ ಸರ್ಕಾರಿ ಆದೇಶದಿಂದ ಆ ದಿನಗಳಲ್ಲಿ ನಿಮ್ಮಲ್ಲಿ ತಂಗುವುದು ಸಾಧ್ಯವಿಲ್ಲ. ಆದೇಶದ ಪ್ರತಿ ಲಗತ್ತಿಸಿದ್ದೇವೆ. ಇದು ನಮ್ಮ ಇಚ್ಛೆಯ ರದ್ದತಿಯಲ್ಲ. ಕಟ್ಟಿದ ಪೂರ್ಣ ಹಣವನ್ನು ಮೂಲ ಕಾರ್ಡಿಗೇ ಮರಳಿಸಬೇಕೆಂದು ಕೋರುತ್ತೇವೆ. ಆ ದಿನಗಳಲ್ಲಿ ಹೋಟೆಲ್ ತೆರೆದಿರುತ್ತದೆಯೇ ಎಂಬುದನ್ನೂ ತಿಳಿಸಿ.’

ಕೊನೆಯ ಪ್ರಶ್ನೆ ಮುಖ್ಯ. ಮುಚ್ಚಿರುತ್ತದೆ ಎಂಬ ಉತ್ತರ ಬಂದರೆ ನಿಮ್ಮ ವಾದಕ್ಕೆ ಬೇಕಾದ ಪುರಾವೆಯನ್ನು ಹೋಟೆಲೇ ಕೊಟ್ಟಂತಾಯಿತು. ಜೊತೆಗೆ ಬುಕಿಂಗ್ ಸಮಯದ ಷರತ್ತುಗಳು, ಆದೇಶ ಪ್ರಕಟವಾದ ಪುಟ, ವಿಮಾನ ರದ್ದಾದ ಸಂದೇಶ ಇವುಗಳ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಆದೇಶಗಳು ದಿನಕ್ಕೊಮ್ಮೆ ಬದಲಾಗುವ ಕಾಲದಲ್ಲಿ ನಿನ್ನೆಯ ಪುಟ ನಾಳೆ ಸಿಗದೆ ಹೋಗಬಹುದು.

ಬುಕ್ ಮಾಡಿದ ದಿನಾಂಕಕ್ಕೂ ತೂಕವಿದೆ. ಏರ್‌ಬಿಎನ್‌ಬಿ 2020ರಲ್ಲಿ ಪೂರ್ಣ ಮರುಪಾವತಿಗೆ ಗೆರೆ ಎಳೆದದ್ದು ಮಾರ್ಚ್ 14ಕ್ಕೆ. ಅಂದು ಅಥವಾ ಅದಕ್ಕೆ ಮೊದಲು ಬುಕ್ ಮಾಡಿದವರಿಗೆ ಮಾತ್ರ ಆ ರಿಯಾಯಿತಿ ಅನ್ವಯಿಸುತ್ತಿತ್ತು. ಅಪಾಯ ಗೊತ್ತಿದ್ದೂ ಬುಕ್ ಮಾಡಿದವರು ಅದನ್ನು ಹೊತ್ತುಕೊಂಡಂತೆ ಎಂಬ ನಿಲುವು ಅದರ ಹಿಂದಿದೆ. ವಿಮಾ ಕಂಪನಿಗಳ ನಿಲುವೂ ಇದೇ.

ಹಣದ ಬದಲು ವೋಚರ್ ಕೊಟ್ಟರೆ

ವೋಚರ್ ಅಥವಾ ದಿನಾಂಕ ಬದಲಾವಣೆ ಕೆಟ್ಟ ಆಯ್ಕೆಯೇನಲ್ಲ, ಅದೇ ಊರಿಗೆ ಮತ್ತೆ ಹೋಗುವುದು ಖಚಿತವಿದ್ದರೆ. ನಡುವಿನ ಸ್ಥಿತಿಯಲ್ಲಿ, ಅಂದರೆ ಹೋಟೆಲ್ ತೆರೆದಿದ್ದು ನೀವು ಹೋಗಲಾಗದಾಗ, ಅನೇಕ ಸಲ ಸಿಗುವ ಉತ್ತಮ ಪರಿಹಾರ ಅದೇ. ಆದರೆ ಹಣದ ಹಕ್ಕು ಸ್ಪಷ್ಟವಾಗಿರುವಾಗ ವೋಚರ್ ಒಪ್ಪಿದರೆ ಆ ಹಕ್ಕನ್ನು ಬಿಟ್ಟುಕೊಟ್ಟಂತಾಗಬಹುದು. ಹೋಟೆಲ್ ದಿವಾಳಿಯಾದರೆ ವೋಚರ್ ಬರಿಯ ಕಾಗದ. ಅದಕ್ಕೇ ಯುರೋಪ್ ಒಕ್ಕೂಟದ ಕಾರ್ಯಾಂಗವಾದ ಯುರೋಪಿಯನ್ ಕಮಿಷನ್ 2020ರ ಮೇ 13ರ ಶಿಫಾರಸಿನಲ್ಲಿ, ವೋಚರ್ ಸ್ವೀಕಾರ ಗ್ರಾಹಕರ ಇಷ್ಟಕ್ಕೆ ಬಿಟ್ಟದ್ದಾಗಿರಬೇಕು, ಕನಿಷ್ಠ 12 ತಿಂಗಳು ಊರ್ಜಿತವಾಗಿರಬೇಕು, ದಿವಾಳಿಯಿಂದ ರಕ್ಷಣೆ ಇರಬೇಕು ಎಂದಿತು. ಪ್ಯಾಕೇಜ್ ವಿಷಯದಲ್ಲಿ ಮರುಪಾವತಿ ಎಂದರೆ ಹಣವೇ, ವೋಚರ್ ಅಲ್ಲ ಎಂದು ಒಕ್ಕೂಟದ ನ್ಯಾಯಾಲಯ 2023ರ ಜೂನ್‌ನಲ್ಲಿ ಸ್ಪಷ್ಟಪಡಿಸಿತು.

ಒಪ್ಪುವ ಮುನ್ನ ಕೇಳಬೇಕಾದವು: ಹೊಸ ದಿನಾಂಕಕ್ಕೆ ದರ ಹೆಚ್ಚಿದ್ದರೆ ವ್ಯತ್ಯಾಸ ಯಾರು ಕೊಡಬೇಕು? ಆಗಲೂ ನಿರ್ಬಂಧ ಬಂದರೆ ಮತ್ತೆ ಬದಲಿಸಬಹುದೇ? ಬಳಸದೆ ಉಳಿದರೆ ಹಣ ಬರುತ್ತದೆಯೇ? ಉತ್ತರಗಳು ಇಮೇಲ್‌ನಲ್ಲಿ ಇರಲಿ.

ಬ್ಯಾಂಕು ಮತ್ತು ವಿಮೆ

ಹೋಟೆಲೂ ತಾಣವೂ ಕೈಯೆತ್ತಿದರೆ ಕಾರ್ಡ್ ಕೊಟ್ಟ ಬ್ಯಾಂಕಿಗೆ ಹೋಗಬಹುದು. ಹಣ ಕೊಟ್ಟರೂ ಸೇವೆ ಸಿಗಲಿಲ್ಲ ಎಂದು ದೂರು ಕೊಟ್ಟರೆ ಬ್ಯಾಂಕು ಆ ವಹಿವಾಟನ್ನು ಪ್ರಶ್ನಿಸಿ ಹಣವನ್ನು ಹಿಂದಕ್ಕೆ ಎಳೆಯಲು ಯತ್ನಿಸುತ್ತದೆ. ಇದಕ್ಕೆ ಚಾರ್ಜ್‌ಬ್ಯಾಕ್ ಎನ್ನುತ್ತಾರೆ. ಬ್ಯಾಂಕು ಮೊದಲು ನೋಡುವುದು ಅದೇ ಹಳೆಯ ಪ್ರಶ್ನೆಯನ್ನು: ಸೇವೆ ಲಭ್ಯವಿತ್ತೇ? ಹೋಟೆಲ್ ಮುಚ್ಚಿತ್ತು ಎಂದಾದರೆ ದಾರಿ ಸುಗಮ. ತೆರೆದಿತ್ತು ಎಂದಾದರೆ ಗೆಲ್ಲುವುದು ಕಷ್ಟ. ವೀಸಾ, ಮಾಸ್ಟರ್‌ಕಾರ್ಡ್‌ನಂಥ ಕಾರ್ಡ್ ಜಾಲಗಳಲ್ಲಿ ಗಡುವು ಸಾಮಾನ್ಯವಾಗಿ 120 ದಿನ. ಅಮೆರಿಕದಲ್ಲಿ ಕ್ರೆಡಿಟ್ ಕಾರ್ಡ್ ಬಿಲ್ಲಿನ ತಕರಾರನ್ನು ಆ ಬಿಲ್ಲು ಕಳುಹಿಸಿದ 60 ದಿನಗಳೊಳಗೆ ಬರೆದು ತಿಳಿಸಬೇಕು. ಬ್ರಿಟನ್ನಿನಲ್ಲಿ 100 ಪೌಂಡ್‌ಗಿಂತ ಹೆಚ್ಚಿನ, 30,000 ಪೌಂಡ್‌ವರೆಗಿನ ಖರೀದಿಗೆ ಕ್ರೆಡಿಟ್ ಕಾರ್ಡ್ ಕಂಪನಿಯೂ ಮಾರಾಟಗಾರನಷ್ಟೇ ಹೊಣೆ ಎಂದು 1974ರ ಕಾಯ್ದೆಯ 75ನೇ ಕಲಂ ಹೇಳುತ್ತದೆ. ಹೋಟೆಲಿನ ‘ನೋಡೋಣ, ನೋಡೋಣ’ ಎಂಬ ಉತ್ತರಗಳಲ್ಲಿ ಈ ಗಡುವು ಮೀರಿಹೋಗದಂತೆ ಕಾಯ್ದುಕೊಳ್ಳಬೇಕು.

ಪ್ರಯಾಣ ವಿಮೆ ಇದ್ದರೂ ನಿರ್ಬಂಧ ತಾನಾಗಿ ಅದರ ವ್ಯಾಪ್ತಿಗೆ ಬರುತ್ತದೆ ಎನ್ನಲಾಗದು. ಸಾಮಾನ್ಯ ಪಾಲಿಸಿ ಕಾರಣಗಳ ಪಟ್ಟಿ ಕೊಟ್ಟಿರುತ್ತದೆ: ಕಾಯಿಲೆ, ಕುಟುಂಬದಲ್ಲಿ ಸಾವು ಇತ್ಯಾದಿ. ಸಾಂಕ್ರಾಮಿಕವನ್ನು, ಸರ್ಕಾರಿ ಆದೇಶವನ್ನು ಹೊರಗಿಟ್ಟ ಪಾಲಿಸಿಗಳು ಸಾಕಷ್ಟಿವೆ. ಯಾವುದೇ ಕಾರಣಕ್ಕೂ ರದ್ದು ಮಾಡಬಹುದಾದ ವಿಮೆ ಅಮೆರಿಕದಂಥ ಕಡೆ ಸಿಗುತ್ತದೆ. ದುಬಾರಿ, ಮರಳುವುದು ಸಾಮಾನ್ಯವಾಗಿ ವೆಚ್ಚದ ಶೇಕಡಾ 50ರಿಂದ 75, ಮೊದಲ ಪಾವತಿಯಾದ ಎರಡು ಮೂರು ವಾರಗಳೊಳಗೇ ಕೊಂಡಿರಬೇಕು. ಕ್ಲೇಮ್ ಮಾಡುವಾಗ ‘ಮೊದಲು ಹೋಟೆಲಿಗೆ ಕೇಳಿದಿರಾ’ ಎಂದು ವಿಮಾ ಕಂಪನಿ ಕೇಳುತ್ತದೆ. ಹೋಟೆಲ್ ನಿರಾಕರಿಸಿದ ಪತ್ರ ಅಲ್ಲಿ ಬೇಕಾಗುತ್ತದೆ, ಆ ಪತ್ರವನ್ನು ಸಿಟ್ಟಿನಲ್ಲಿ ಅಳಿಸಿಹಾಕಬೇಡಿ.

ಮರಳಿದ ಹಣ ಕಡಿಮೆ ಕಂಡರೆ

ಪೂರ್ಣ ಮರುಪಾವತಿ ಎಂದು ಬರೆದಿದ್ದರೂ ಖಾತೆಗೆ ಬಂದ ಮೊತ್ತ ಕೊಂಚ ಕಡಿಮೆ ಇರಬಹುದು. ವಿದೇಶಿ ಹೋಟೆಲಾದರೆ ಹಣ ಹೋದ ದಿನದ ವಿನಿಮಯ ದರ ಬೇರೆ, ಬಂದ ದಿನದ್ದು ಬೇರೆ. ಬ್ಯಾಂಕಿನ ವಿದೇಶಿ ವಹಿವಾಟು ಶುಲ್ಕ ಎಲ್ಲ ಕಡೆಯೂ ಮರಳುವುದಿಲ್ಲ. ಹೋಟೆಲಿನ ಕರೆನ್ಸಿಯಲ್ಲಿ ಎರಡು ಮೊತ್ತಗಳೂ ಸಮವಾಗಿದ್ದರೆ ಹೋಟೆಲ್ ತನ್ನ ಪಾಲನ್ನು ಮುಗಿಸಿದೆ ಎಂದೇ ಅರ್ಥ. ಬುಕಿಂಗ್ ತಾಣದ ಸೇವಾ ಶುಲ್ಕ ಬಂದಿದೆಯೇ ಎಂದು ಮಾತ್ರ ಬೇರೆಯಾಗಿ ನೋಡಬೇಕು. ಹೋಟೆಲ್ ಮರಳಿಸಿದರೂ ತಾಣ ಅದನ್ನು ಉಳಿಸಿಕೊಂಡಿರಬಹುದು. ಅಷ್ಟರಲ್ಲಿ ಕಾರ್ಡಿನ ಅವಧಿ ಮುಗಿದು ಹೊಸದು ಬಂದಿದ್ದರೆ ಹೆದರಬೇಕಿಲ್ಲ. ಅದೇ ಬ್ಯಾಂಕಿನ ಅದೇ ಖಾತೆಯಾಗಿದ್ದರೆ ಹಣ ಸಾಮಾನ್ಯವಾಗಿ ಅಲ್ಲಿಗೇ ಬಂದು ಸೇರುತ್ತದೆ. ಖಾತೆಯನ್ನೇ ಮುಚ್ಚಿದ್ದರೆ ಹೋಟೆಲಿನಿಂದ ಮರುಪಾವತಿಯ ಉಲ್ಲೇಖ ಸಂಖ್ಯೆ ಪಡೆದು ಹಳೆಯ ಬ್ಯಾಂಕಿಗೆ ಕೊಡಬೇಕು. ಆ ಸಂಖ್ಯೆಯಿದ್ದರೆ ಹಣ ಎಲ್ಲಿ ನಿಂತಿದೆ ಎಂಬುದನ್ನು ಬ್ಯಾಂಕಿನವರು ಹುಡುಕಿ ಹೇಳಬಲ್ಲರು.